ತುಮಕೂರಿನ ಪಿಯು ತರಗತಿಯಿಂದ ಸೇನಾ ವಿಮಾನದ ಕಾಕ್‌ಪಿಟ್‌ವರೆಗೆ: ಬಾಗಿಲುಗಳು ಮುಚ್ಚುವುದು ಎಲ್ಲಿ?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ‘ಪ್ರಚಂಡ’ ಲಘು ಯುದ್ಧ ಹೆಲಿಕಾಪ್ಟರ್‌ಗಳಿಗಾಗಿ ₹62,700 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿದಾಗ, ಅವು ತಯಾರಾಗುವ ಊರುಗಳ ಸಾಲಿನಲ್ಲಿ ಬೆಂಗಳೂರಿನ ಪಕ್ಕದಲ್ಲಿ ತುಮಕೂರಿನ ಹೆಸರೂ ಇತ್ತು. ಅವುಗಳಲ್ಲಿ 66 ವಾಯುಪಡೆಗೆ, 90 ಭೂಸೇನೆಗೆ. ಈ ಕಾರ್ಖಾನೆಯ ಮಾತು ಬಂದಾಗಲೆಲ್ಲ ಜಿಲ್ಲೆಯಲ್ಲಿ ಕೇಳುವುದು ಭೂಮಿಯ ವಿಚಾರ, ಸ್ಥಳೀಯರಿಗೆ ಸಿಗುವ ಕೆಲಸದ ವಿಚಾರ. ಕೇಳಲೇಬೇಕಾದ ಪ್ರಶ್ನೆಗಳು ಅವು. ಆದರೆ ಅದೇ ಉತ್ಸಾಹದಿಂದ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಈ ಯಂತ್ರಗಳನ್ನು ಹಾರಿಸುವ ಆಸನದಲ್ಲಿ ಕೂರಬೇಕಾದರೆ ಪಾವಗಡದ, ಮಧುಗಿರಿಯ, ಚಿಕ್ಕನಾಯಕನಹಳ್ಳಿಯ ಹುಡುಗ ಹುಡುಗಿಯರು ಏನು ಮಾಡಬೇಕು, ಎಷ್ಟು ವರ್ಷ ಮೊದಲೇ ಮಾಡಬೇಕು?

ಪ್ರಶ್ನೆಯ ತುರ್ತು ನಿಜವಾದದ್ದು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಮಹಾಲೇಖಪಾಲರ) ವರದಿಯ ಪ್ರಕಾರ ವಾಯುಪಡೆಯಲ್ಲಿ ಪೈಲಟ್‌ಗಳ ಕೊರತೆ 2015ರ ಆರಂಭದಲ್ಲಿ 486 ಇದ್ದದ್ದು 2021ರ ಕೊನೆಗೆ 596ಕ್ಕೆ ಏರಿತ್ತು. 2016ರಿಂದ 2021ರವರೆಗೆ ವರ್ಷಕ್ಕೆ 222 ತರಬೇತಿ ಪೈಲಟ್‌ಗಳನ್ನು ಸೇರಿಸಿಕೊಳ್ಳುವ ಯೋಜನೆಯಿತ್ತು. ಅಷ್ಟು ಮಂದಿ ಸೇರಲಿಲ್ಲ. ವಿಮಾನಗಳ ಕೊರತೆಯ ಬಗ್ಗೆ ನಾವು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾದದ್ದು, ಅದೇ ತಿಂಗಳು ಇನ್ನೂ 97 ತೇಜಸ್‌ಗಳಿಗೆ ಒಪ್ಪಂದವಾದದ್ದು ದೊಡ್ಡ ಸುದ್ದಿಯಾದವು. ಹಣವಿದ್ದರೆ ವಿಮಾನಕ್ಕೆ ಒಪ್ಪಂದ ಮಾಡಿಕೊಳ್ಳಬಹುದು. ಪೈಲಟ್‌ನನ್ನು ಹಾಗೆ ಕೊಳ್ಳಲಾಗುವುದಿಲ್ಲ. ದ್ವಿತೀಯ ಪಿಯು ಮುಗಿಸಿದ ಒಬ್ಬನನ್ನು ಆಯ್ದು ಅವನ ಭುಜಕ್ಕೆ ಅಧಿಕಾರಿಯ ಪಟ್ಟಿ, ಎದೆಗೆ ರೆಕ್ಕೆಯ ಚಿಹ್ನೆ ಬರುವ ಹೊತ್ತಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆಮೇಲೂ ಯುದ್ಧಕ್ಕೆ ಸಿದ್ಧನಾಗಲು ಸ್ಕ್ವಾಡ್ರನ್‌ನಲ್ಲಿ ಕಲಿಯುವುದು ಬಾಕಿ ಇರುತ್ತದೆ.

ನಮ್ಮ ಕಡೆಯ ಮಕ್ಕಳನ್ನು ಈ ದಾರಿಯಿಂದ ದೂರ ಇಟ್ಟಿರುವುದು ಹಣದ ಕೊರತೆಯಲ್ಲ, ಶಿಫಾರಸಿನ ಕೊರತೆಯೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಹಿತಿ ತಡವಾಗಿ ತಲುಪುವುದೇ ಮುಖ್ಯ ಅಡ್ಡಿ. ಸೇನಾ ಪೈಲಟ್ ಆಗುವ ದಾರಿಯಲ್ಲಿ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯದ ಬಾಗಿಲುಗಳು ಹಲವು. ಅವುಗಳಲ್ಲಿ ಹೆಚ್ಚಿನವು ಹದಿನೈದರಿಂದ ಇಪ್ಪತ್ತರ ವಯಸ್ಸಿನೊಳಗೆ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ಕೊಡಗಿನಲ್ಲಿ ಇದನ್ನೆಲ್ಲ ಕೇಳಲು ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ, ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಸಿಗುತ್ತಾರೆ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಹುತಾತ್ಮರಾಗಿ, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು ಅಲ್ಲಿನ ಮಕ್ಕಳಿಗೆ ಮನೆಮಾತು. ತುಮಕೂರಿನ ತೆಂಗಿನ ತೋಟದ ಮನೆಗಳಲ್ಲಿ ಅಂಥ ಹಿರಿಯರು ಅಪರೂಪ. ಹಾಗಾಗಿ ಇಲ್ಲಿನ ಮಗುವಿಗೆ ಆ ಮಾತನ್ನು ಶಾಲೆ, ಕಾಲೇಜು, ಪತ್ರಿಕೆಗಳೇ ಹೇಳಬೇಕು.

ಮೊದಲು ಒಂದು ಗೊಂದಲ ಬಿಡಿಸಬೇಕು. ಊರಿನಲ್ಲಿ “ಏರ್‌ಫೋರ್ಸ್ ಸೇರಿದ” ಎಂದರೆ ಎಲ್ಲರೂ ಒಂದೇ ಎಂದುಕೊಳ್ಳುತ್ತಾರೆ. 2022ರಿಂದ ಜಾರಿಯಲ್ಲಿರುವ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರ್ ವಾಯು ಬೇರೆ, ಅಧಿಕಾರಿ ಬೇರೆ. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆಯುವ ಯುವಕರಿಲ್ಲದೆ ಒಂದು ವಿಮಾನವೂ ಮೇಲೇಳುವುದಿಲ್ಲ; ಅವರ ಕೆಲಸ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಆದರೆ ವಿಮಾನ ಹಾರಿಸುವವರು ಅಧಿಕಾರಿಗಳು ಮಾತ್ರ. ಪೈಲಟ್ ಆಗುವ ಆಸೆಯಿಂದ ಅಗ್ನಿವೀರ್ ಪರೀಕ್ಷೆಗೆ ಓಡುತ್ತಿರುವ ಹುಡುಗನಿಗೆ ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಬೇಕು.

ಅಧಿಕಾರಿಯಾಗಿ ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್ (ವಿಮಾನ ಹಾರಿಸುವವರ ಶಾಖೆ) ಸೇರಲು ಇರುವ ದಾರಿಗಳಲ್ಲಿ ಅತ್ಯಂತ ಹಳೆಯದು, ನನ್ನ ಮಟ್ಟಿಗೆ ಅತ್ಯಂತ ಒಳ್ಳೆಯದು, ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅವಿವಾಹಿತರು ದ್ವಿತೀಯ ಪಿಯು ಓದುತ್ತಿರುವಾಗಲೇ ಬರೆಯಬಹುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಒಂದು ಅಧಿಸೂಚನೆಯಲ್ಲಿ ವಾಯುಪಡೆಗೆ ಸಾಮಾನ್ಯವಾಗಿ 120 ಸ್ಥಾನಗಳು, ಅದರಲ್ಲಿ ಫ್ಲೈಯಿಂಗ್ ಬ್ರಾಂಚ್‌ಗೆ 92. ಪದವಿ ಮುಗಿಸಿದವರಿಗೆ ಯುಪಿಎಸ್‌ಸಿಯದೇ ಸಿಡಿಎಸ್ (ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆಯಿದೆ; ವಾಯುಪಡೆ ತಾನೇ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಇದೆ. ಎರಡಕ್ಕೂ ವಯಸ್ಸು ಇಪ್ಪತ್ತರಿಂದ ಇಪ್ಪತ್ತನಾಲ್ಕು. ನಾಗರಿಕ ಪೈಲಟ್ ಪರವಾನಗಿ ಇದ್ದವರಿಗೆ ಇಪ್ಪತ್ತಾರರವರೆಗೆ. ಎನ್‌ಡಿಎ ಮತ್ತು ಸಿಡಿಎಸ್ ಮೂಲಕ ಹೋದವರಿಗೆ ಕಾಯಂ ಸೇವೆ, ಎಎಫ್‌ಕ್ಯಾಟ್‌ನಲ್ಲಿ ಹೋದ ಪೈಲಟ್‌ಗೆ 14 ವರ್ಷಗಳ ಸೇವೆ. ಎನ್‌ಸಿಸಿಯ ವಾಯುದಳದಲ್ಲಿ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದೆ ನೇರವಾಗಿ ಸಂದರ್ಶನ ಮಂಡಳಿಗೆ ಹೋಗುವ ಅವಕಾಶವೂ ಇದೆ. ನಮಗೆ ಹತ್ತಿರದ ಎನ್‌ಸಿಸಿ ವಾಯುದಳ ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. ಪದವಿಗೆ ಬೆಂಗಳೂರಿಗೆ ಹೋಗುವ ತುಮಕೂರಿನ ವಿದ್ಯಾರ್ಥಿಗಳು ಕಾಲೇಜು ಆರಿಸುವಾಗ ಅಲ್ಲಿ ವಾಯುದಳದ ಎನ್‌ಸಿಸಿ ಇದೆಯೇ ಎಂದು ಒಂದು ಮಾತು ಕೇಳಿದರೆ ಸಾಕು, ಮೂರು ವರ್ಷಗಳ ನಂತರ ಅದರ ಬೆಲೆ ತಿಳಿಯುತ್ತದೆ.

ಈಗ ಮೊದಲ ಬಾಗಿಲಿಗೆ ಬರೋಣ. ಅದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲೇ ಮುಚ್ಚಬಹುದು. ಎನ್‌ಡಿಎಯ ವಾಯುಪಡೆ ವಿಭಾಗಕ್ಕೆ ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಮೂರೂ ಬೇಕು. ಎಎಫ್‌ಕ್ಯಾಟ್‌ನ ಫ್ಲೈಯಿಂಗ್ ಬ್ರಾಂಚ್‌ಗೂ ಪಿಯು ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತದಲ್ಲಿ ತಲಾ ಶೇ 50 ಅಂಕ, ಪದವಿಯಲ್ಲಿ ಶೇ 60 ಕೇಳುತ್ತಾರೆ. ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಸೇರಿದವರು ಮುಂದೆ ಸೇನೆಯ ಬೇರೆ ವಿಭಾಗಗಳಲ್ಲಿ ಅಧಿಕಾರಿಗಳಾಗಬಹುದು, ವಾಯುಪಡೆಯ ಪೈಲಟ್ ಆಗಲು ಮಾತ್ರ ಆಗದು. ನೀಟ್ ಮೇಲೆ ಕಣ್ಣಿಟ್ಟು ಗಣಿತ ಬಿಟ್ಟು ಜೀವಶಾಸ್ತ್ರ ಹಿಡಿದವರ ಕಥೆಯೂ ಇದೇ. ಗಣಿತ ಕಷ್ಟ ಎಂದು ಹದಿನಾರನೇ ವಯಸ್ಸಿನಲ್ಲಿ ಕೈಬಿಟ್ಟ ಹುಡುಗಿಗೆ ಇಪ್ಪತ್ತೊಂದರಲ್ಲಿ ಎಎಫ್‌ಕ್ಯಾಟ್ ಬಗ್ಗೆ ತಿಳಿದರೆ ಏನು ಮಾಡಲು ಬರುತ್ತದೆ?

ಎರಡನೆಯದು ಹುಟ್ಟಿದ ದಿನಾಂಕ. ಎನ್‌ಡಿಎ ಅಧಿಸೂಚನೆಯಲ್ಲಿ ವಯಸ್ಸನ್ನು ನಿರ್ದಿಷ್ಟ ಎರಡು ದಿನಾಂಕಗಳ ನಡುವೆ ಹುಟ್ಟಿದವರು ಎಂದೇ ನಮೂದಿಸುತ್ತಾರೆ. ಒಂದು ದಿನ ಆಚೆಈಚೆಯಾದರೂ ಅರ್ಜಿ ತಿರಸ್ಕೃತವಾಗುತ್ತದೆ. ಯುಪಿಎಸ್‌ಸಿ ಒಪ್ಪುವುದು ಹತ್ತನೇ ತರಗತಿಯ ಪ್ರಮಾಣಪತ್ರದಲ್ಲಿರುವ ದಿನಾಂಕವನ್ನು. ಹಳ್ಳಿಗಳಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಜಾತಕ ಸಿಗದೆ, ಜನನ ಪ್ರಮಾಣಪತ್ರ ಇಲ್ಲದೆ, ಅಂದಾಜಿನ ಮೇಲೆ ಜೂನ್ ತಿಂಗಳ ಯಾವುದೋ ದಿನಾಂಕ ಬರೆಸಿದ ಮನೆಗಳು ಎಷ್ಟೋ ಇವೆ. ಆಗ ಅದು ಯಾರಿಗೂ ಮುಖ್ಯವಾಗಿರುವುದಿಲ್ಲ. ತಿದ್ದುಪಡಿ ಮಾಡಿಸಬೇಕಾದರೆ ಹತ್ತನೇ ತರಗತಿಯ ಪರೀಕ್ಷೆಗೆ ನೋಂದಾಯಿಸುವ ಮೊದಲೇ, ಸರಿಯಾದ ದಾಖಲೆಯೊಂದಿಗೆ ಮಾಡಿಸಬೇಕು.

ಮೂರನೆಯದು ಭಾಷೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ನಮ್ಮ ಮಕ್ಕಳಿಗೆ ಇಲ್ಲಿ ಆಗುತ್ತಿರುವುದು ಅನ್ಯಾಯ. ಎನ್‌ಡಿಎ ಲಿಖಿತ ಪರೀಕ್ಷೆ 900 ಅಂಕಗಳದ್ದು: ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆ 600ರಲ್ಲಿ 200 ಇಂಗ್ಲಿಷ್ ಭಾಷೆಗೇ ಮೀಸಲು. ಎಎಫ್‌ಕ್ಯಾಟ್ ಪೂರ್ತಿ ಇಂಗ್ಲಿಷ್‌ನಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುನಲ್ಲಿ ಒಮ್ಮೆಲೇ ಇಂಗ್ಲಿಷ್‌ಗೆ ಬಂದ ಶಿರಾದ ಹುಡುಗನಿಗೂ ಲಖನೌದ ಹಿಂದಿ ಮಾಧ್ಯಮದ ಹುಡುಗನಿಗೂ ಒಂದೇ ಅಳತೆಗೋಲು ಎಂದು ಹೇಳಲು ಬಾರದು. ಲಖನೌದವನು ಗಣಿತದ ಪ್ರಶ್ನೆಯನ್ನು ತನ್ನ ಭಾಷೆಯಲ್ಲಿ ಓದುತ್ತಾನೆ. ಪಿಯುನಲ್ಲಿ ಎರಡು ವರ್ಷ ಇಂಗ್ಲಿಷ್‌ನಲ್ಲೇ ಗಣಿತ ಮಾಡಿದ್ದರಿಂದ ನಮ್ಮವನಿಗೆ ಆ ಪತ್ರಿಕೆಯಲ್ಲಿ ಹೇಗೋ ನಡೆಯುತ್ತದೆ. ಪೆಟ್ಟು ಬೀಳುವುದು ಇತಿಹಾಸ, ಭೂಗೋಳ, ಪ್ರಚಲಿತ ವಿಷಯಗಳಲ್ಲಿ. ಅವನು ಅವನ್ನು ಓದಿದ್ದು ಕನ್ನಡದಲ್ಲಿ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡದೆ ಕೇಳುತ್ತಲೇ ಇರಬೇಕು. ಆದರೆ ಅದು ಈಡೇರುವವರೆಗೆ ಒಂದು ತಲೆಮಾರನ್ನು ಕಾಯಿಸಲು ಆಗುವುದಿಲ್ಲವಲ್ಲ.

ಪರೀಕ್ಷೆ ಬರೆಯುವ ಅಭ್ಯಾಸದಲ್ಲೂ ಒಂದು ತೊಡಕಿದೆ. ನಮ್ಮ ಪಿಯು ಕಾಲೇಜುಗಳು ವಿದ್ಯಾರ್ಥಿಗಳನ್ನು ಪಳಗಿಸುವುದು ಸಿಇಟಿಗೆ. ಸಿಇಟಿಯ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದ್ದಕ್ಕೂ ಗುರುತು ಹಾಕಿ ಬಾ ಎಂದೇ ಕಲಿಸುತ್ತಾರೆ. ಎನ್‌ಡಿಎ ಗಣಿತದಲ್ಲಿ 150 ನಿಮಿಷಕ್ಕೆ 120 ಪ್ರಶ್ನೆ, ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಎಎಫ್‌ಕ್ಯಾಟ್‌ನಲ್ಲಿ ಸರಿಗೆ ಮೂರು, ತಪ್ಪಿಗೆ ಕಳೆದು ಒಂದು. ಸಿಇಟಿಯ ಕೈಚಳಕ ಇಲ್ಲಿ ಕೈಕೊಡುತ್ತದೆ. ಪಠ್ಯ ಹೆಚ್ಚು ಕಡಿಮೆ ಒಂದೇ ಆದರೂ ಒಳ್ಳೆಯ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲಿ ಎಡವಲು ಇದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹತ್ತು ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಈ ತೊಡಕು ತಾನಾಗಿ ಸಡಿಲವಾಗುತ್ತದೆ.

ಲಿಖಿತದಲ್ಲಿ ಗೆದ್ದವರು ಮುಂದೆ ಹೋಗುವುದು ಸೇವಾ ಆಯ್ಕೆ ಮಂಡಳಿಗೆ, ಅಂದರೆ ಎಲ್ಲರೂ ಎಸ್‌ಎಸ್‌ಬಿ ಎನ್ನುವ ಐದು ದಿನಗಳ ಸಂದರ್ಶನಕ್ಕೆ. ವಾಯುಪಡೆಯ ಇಂಥ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಮೊದಲ ದಿನವೇ ಬುದ್ಧಿಮತ್ತೆಯ ಪರೀಕ್ಷೆ, ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆ. ಅದರಲ್ಲಿ ಹೊರಬಿದ್ದವರು ಅಂದೇ ಬ್ಯಾಗು ಹಿಡಿದು ಹೊರಡುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆಗಳು, ಮೈದಾನದಲ್ಲಿ ಹಲಗೆ, ಹಗ್ಗ, ಪೀಪಾಯಿ ಹಿಡಿದು ಗುಂಪಾಗಿ ಅಡೆತಡೆ ದಾಟುವ ಕೆಲಸಗಳು, ವೈಯಕ್ತಿಕ ಸಂದರ್ಶನ, ಕೊನೆಯ ದಿನ ಎಲ್ಲ ಅಧಿಕಾರಿಗಳ ಮುಂದೆ ಹಾಜರಾಗುವ ಸಭೆ. ಎನ್‌ಡಿಎಯಲ್ಲಿ ಲಿಖಿತಕ್ಕಿರುವಷ್ಟೇ, 900 ಅಂಕಗಳ ತೂಕ ಇದಕ್ಕೂ ಇದೆ.

ಇಲ್ಲಿ ಒಂದು ಪರೀಕ್ಷೆಯನ್ನು ವಿವರವಾಗಿ ನೋಡಬೇಕು. ಪರದೆಯ ಮೇಲೆ ಒಂದರ ಹಿಂದೆ ಒಂದರಂತೆ 60 ಪದಗಳು ಬರುತ್ತವೆ. ಪ್ರತಿ ಪದಕ್ಕೆ 15 ಸೆಕೆಂಡು. ಅಷ್ಟರಲ್ಲಿ ಪದವನ್ನು ಓದಿ, ಮನಸ್ಸಿಗೆ ಮೊದಲು ಹೊಳೆದದ್ದನ್ನು ವಾಕ್ಯವಾಗಿ ಬರೆಯಬೇಕು. ಪದ ಇಂಗ್ಲಿಷಿನದು. ಕನ್ನಡದಲ್ಲಿ ಯೋಚಿಸುವ ಹುಡುಗಿ ಮೊದಲು ಅದರ ಅರ್ಥ ಹಿಡಿಯುತ್ತಾಳೆ, ಆಮೇಲೆ ಕನ್ನಡದಲ್ಲಿ ಯೋಚನೆ ಹೊಳೆಯುತ್ತದೆ, ಆಮೇಲೆ ಅದನ್ನು ಇಂಗ್ಲಿಷ್‌ಗೆ ತರಬೇಕು. ವ್ಯಾಕರಣ ತಪ್ಪಾಯಿತೇ ಎಂಬ ಅಳುಕು ಬೇರೆ. ಹದಿನೈದು ಸೆಕೆಂಡು ಮುಗಿದಿರುತ್ತದೆ, ಹಾಳೆಯಲ್ಲಿ ಆ ಜಾಗ ಖಾಲಿ. ಮನೋವಿಜ್ಞಾನಿ ಹುಡುಕುತ್ತಿರುವುದು ಅವಳ ಸ್ವಭಾವವನ್ನು, ವ್ಯಾಕರಣವನ್ನಲ್ಲ. ಆದರೆ ಖಾಲಿ ಜಾಗದಿಂದ ಯಾರ ಸ್ವಭಾವವನ್ನೂ ಓದಲಾಗದು. ನಮ್ಮ ಮಕ್ಕಳಿಗೆ ಬೇಕಿರುವುದು ಅಲಂಕಾರದ ಇಂಗ್ಲಿಷ್ ಅಲ್ಲ. ಸಣ್ಣ ಸಣ್ಣ ವಾಕ್ಯಗಳನ್ನು ತಡೆಯಿಲ್ಲದೆ ಬರೆಯುವ, ತಪ್ಪಾದರೂ ನಿಲ್ಲದೆ ಮಾತನಾಡುವ ರೂಢಿ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವರ್ಷ ಮಾಡಿದರೆ ಬರುವಂಥದ್ದು ಅದು, ಎರಡು ವಾರಗಳ ದುಬಾರಿ ಕೋಚಿಂಗ್‌ನಿಂದ ಬರುವಂಥದ್ದಲ್ಲ.

ಭಾಷೆ ಬಿಟ್ಟು ನೋಡಿದರೆ, ಹಳ್ಳಿಯ ಮಕ್ಕಳು ಎಸ್‌ಎಸ್‌ಬಿಯಲ್ಲಿ ಹಿಂದೆ ಬೀಳಬೇಕಾದ ಕಾರಣವೇ ಇಲ್ಲ. ಮಂಡಳಿ ನೋಡುವ ಅಧಿಕಾರಿ ಗುಣಗಳು ಹದಿನೈದು: ಹೊಣೆಗಾರಿಕೆ, ತಾನಾಗಿ ಮುಂದೆ ಬರುವ ಗುಣ, ಸಹಕಾರ, ಬೇಗ ನಿರ್ಧರಿಸುವುದು, ಧೈರ್ಯ, ತ್ರಾಣ ಹೀಗೆ. ಅಪ್ಪನಿಗೆ ಹುಷಾರಿಲ್ಲದಾಗ ಅಡಿಕೆ ಕೊಯ್ಲಿನ ಆಳುಗಳ ಲೆಕ್ಕ ನೋಡಿಕೊಂಡವನು, ಊರ ಜಾತ್ರೆಯಲ್ಲಿ ಅನ್ನಸಂತರ್ಪಣೆಯ ಜವಾಬ್ದಾರಿ ಹೊತ್ತವನು, ತಂಗಿಯನ್ನು ಸೈಕಲ್‌ನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗಿಬಂದವಳು ಈ ಗುಣಗಳನ್ನು ಬದುಕಿನಲ್ಲೇ ಕಲಿತಿರುತ್ತಾರೆ. ತೊಂದರೆ ಏನೆಂದರೆ, ಇವೆಲ್ಲ ಹೇಳಿಕೊಳ್ಳುವಂಥ ಸಂಗತಿಗಳೆಂದು ಅವರಿಗೆ ಅನಿಸುವುದೇ ಇಲ್ಲ. ಮಂಡಳಿ ತುಂಬಿಸುವ ವೈಯಕ್ತಿಕ ವಿವರಗಳ ಹಾಳೆಯಲ್ಲಿ ಹೊತ್ತ ಜವಾಬ್ದಾರಿಗಳಿಗೆ, ಆಡಿದ ಆಟಗಳಿಗೆ ಜಾಗವಿರುತ್ತದೆ. ಅಲ್ಲಿ ‘ಇಲ್ಲ’ ಎಂದು ಬರೆದು ಬರುತ್ತಾರೆ. ಸಂದರ್ಶನ ಮಾಡುವ ಅಧಿಕಾರಿ ಊರಿನ ಬಗ್ಗೆ ಕೇಳುವುದು ಸಾಮಾನ್ಯ. ತಿಪಟೂರಿನವನಿಗೆ ಕೊಬ್ಬರಿ ಮಾರುಕಟ್ಟೆಯ ಏರಿಳಿತ, ಪಾವಗಡದವಳಿಗೆ ಸೌರ ವಿದ್ಯುತ್ ಪಾರ್ಕ್ ಮತ್ತು ಅದಕ್ಕೆ ಗುತ್ತಿಗೆ ಕೊಟ್ಟ ರೈತರ ಬದುಕು ತಿಳಿದಿರಬೇಕು. ಯಾವುದೋ ಮಾರ್ಗದರ್ಶಿ ಪುಸ್ತಕದ ಬಾಯಿಪಾಠದ ಉತ್ತರಕ್ಕಿಂತ ಅದು ಎಷ್ಟೋ ಗಟ್ಟಿ.

ಎಸ್‌ಎಸ್‌ಬಿಯಲ್ಲಿ ‘ಒಳಗಿನವರ’ ಪರಿಚಯ ಬೇಕು ಎಂಬ ಮಾತು ಹಳ್ಳಿಗಳಲ್ಲಿ ತಾನೇ ತಾನಾಗಿ ಹಬ್ಬಿದೆ. ಮನೋವಿಜ್ಞಾನಿ, ಮೈದಾನದ ಗುಂಪು ಪರೀಕ್ಷಾಧಿಕಾರಿ, ಸಂದರ್ಶನಾಧಿಕಾರಿ ಮೂವರೂ ಬೇರೆಬೇರೆಯಾಗಿ ಅಂಕ ಕೊಟ್ಟು, ಕೊನೆಯ ದಿನದ ಸಭೆಯಲ್ಲಷ್ಟೇ ಒಟ್ಟಿಗೆ ಕೂರುತ್ತಾರೆ. ಈ ಏರ್ಪಾಡಿನಲ್ಲಿ ಮಧ್ಯವರ್ತಿಗೆ ಜಾಗ ಇಲ್ಲ. ಹಣ ಕೊಟ್ಟರೆ ಆಯ್ಕೆ ಮಾಡಿಸುತ್ತೇನೆ ಎಂದು ಯಾರಾದರೂ ಬಂದರೆ ಆ ಹಣ ಹೋಯಿತೆಂದೇ ತಿಳಿಯಬೇಕು. ಮೊದಲ ಸಲ ಹೋಗುವವರಿಗೆ ಪ್ರಯಾಣದ ವೆಚ್ಚವನ್ನೂ ಸರ್ಕಾರವೇ ಕೊಡುತ್ತದೆ.

ಇನ್ನು ಬರುವುದು ಈ ಇಡೀ ದಾರಿಯಲ್ಲಿ ಅತ್ಯಂತ ಕಠಿಣವಾದ ನಿಯಮ. ಪೈಲಟ್ ಆಗಲು ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆ ಎಂಬುದೊಂದಿದೆ, ಅಭ್ಯರ್ಥಿಗಳ ಬಾಯಲ್ಲಿ ಸಿಪಿಎಸ್‌ಎಸ್. ಮೊದಲು ವಿಮಾನದ ಮಾಪಕಗಳ ಚಿತ್ರ ನೋಡಿ ವಿಮಾನ ಯಾವ ಕಡೆ ವಾಲಿದೆ, ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಹೇಳಬೇಕು. ಆಮೇಲೆ ಯಂತ್ರದ ಮುಂದೆ ಕೂತು ಕೈಯಲ್ಲಿ ಹಿಡಿಕೆ, ಕಾಲಲ್ಲಿ ಪೆಡಲ್ ಚಲಾಯಿಸುತ್ತ ಪರದೆಯ ಮೇಲೆ ಓಡುವ ಗುರಿಯನ್ನು ಹಿಡಿದಿಡಬೇಕು. ಅದರ ನಡುವೆಯೇ ದೀಪ ಬೆಳಗಿದರೆ, ಸದ್ದಾದರೆ ಸ್ಪಂದಿಸಬೇಕು. ಇದನ್ನು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಲು ಅವಕಾಶ. ಎನ್‌ಡಿಎ ಅಭ್ಯರ್ಥಿಯಾಗಿ ಹದಿನೆಂಟನೇ ವಯಸ್ಸಿನಲ್ಲಿ ಇದರಲ್ಲಿ ವಿಫಲನಾದವನು ಇಪ್ಪತ್ತೆರಡರಲ್ಲಿ ಎಎಫ್‌ಕ್ಯಾಟ್ ಬರೆದು ಮತ್ತೆ ಪೈಲಟ್ ಆಗಲು ಬರುವಂತಿಲ್ಲ. ವಾಯುಪಡೆಯ ನೆಲಸೇವೆಯ ಶಾಖೆಗಳು ಅವನಿಗೆ ತೆರೆದೇ ಇರುತ್ತವೆ. ಹಿಂದಿನ ರಾತ್ರಿ ನಿದ್ದೆಗೆಟ್ಟು, ಕೊಟ್ಟ ಸೂಚನಾ ಪುಸ್ತಿಕೆಯನ್ನು ಮೇಲ್ನೋಟಕ್ಕಷ್ಟೇ ಓದಿ ಇಂಥ ಪರೀಕ್ಷೆಗೆ ಕೂರುವುದು ಎಷ್ಟು ದೊಡ್ಡ ನಷ್ಟ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಸೂಚನೆಗಳನ್ನು ಇಂಗ್ಲಿಷ್‌ನಲ್ಲಿ ಓದಿ ತಟ್ಟನೆ ಗ್ರಹಿಸುವ ಅಭ್ಯಾಸ ಇಲ್ಲೂ ಕೈಹಿಡಿಯುತ್ತದೆ.

ಇವೆಲ್ಲ ದಾಟಿದವರನ್ನು ಕಾಯುತ್ತಿರುವುದು ವೈದ್ಯಕೀಯ ತಪಾಸಣೆ. ದೆಹಲಿಯಲ್ಲಿ ಒಂದು ಕೇಂದ್ರ, ಇನ್ನೊಂದು ಬೆಂಗಳೂರಿನ ವೈಮಾನಿಕ ಔಷಧ ಸಂಸ್ಥೆ. ಗಗನಯಾನಕ್ಕೆ ಆಯ್ಕೆಯಾದ ವಾಯುಪಡೆಯ ಪೈಲಟ್‌ಗಳನ್ನು ಪರೀಕ್ಷಿಸಿದ್ದೂ ಇಲ್ಲಿಯೇ. ಕನಿಷ್ಠ ಎತ್ತರ 162.5 ಸೆಂಟಿಮೀಟರ್. ಕೂತಾಗಿನ ಎತ್ತರ 81.5ರಿಂದ 96 ಸೆಂಟಿಮೀಟರ್, ಕಾಲಿನ ಉದ್ದ 99ರಿಂದ 120 ಸೆಂಟಿಮೀಟರ್ ನಡುವೆ ಇರಬೇಕು, ಏಕೆಂದರೆ ಕಾಕ್‌ಪಿಟ್‌ನ ಅಳತೆ ಬದಲಾಗುವುದಿಲ್ಲ. ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುತ್ತಾರೆ, ಹಲ್ಲುಗಳಿಗೂ ಅಂಕವಿದೆ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆಗಳ ತೊಂದರೆ ಕಂಡಿರುವ ಪಾವಗಡದಂಥ ಕಡೆಯ ತಂದೆತಾಯಿ ಮಕ್ಕಳನ್ನು ಒಮ್ಮೆ ಮೊದಲೇ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹಚ್ಚೆಯ ವಿಷಯದಲ್ಲೂ ಎಚ್ಚರ ಬೇಕು: ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿ ಇದೆ, ಉಳಿದವರಿಗೆ ಮುಂಗೈಯ ಒಳಭಾಗದಂಥ ಕೆಲವೇ ಜಾಗಗಳಲ್ಲಿ ಒಪ್ಪಿಗೆ.

ಅತಿ ಹೆಚ್ಚು ಕನಸುಗಳು ಮುರಿಯುವುದು ಕಣ್ಣಿನ ವಿಷಯದಲ್ಲಿ. ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ 6/9 ದೃಷ್ಟಿ ಬೇಕು. ದೂರದ್ದು ಮಂಜಾಗುವ ಸಮೀಪದೃಷ್ಟಿ ದೋಷಕ್ಕೆ ಫ್ಲೈಯಿಂಗ್ ಬ್ರಾಂಚ್‌ನಲ್ಲಿ ಜಾಗವಿಲ್ಲ. ಬಣ್ಣ ಗುರುತಿಸುವ ಶಕ್ತಿ ಉನ್ನತ ಮಟ್ಟದ್ದಾಗಿರಬೇಕು. ಲೇಸರ್ ಚಿಕಿತ್ಸೆ ಮಾಡಿಸಿದರಾಯಿತು ಎಂಬ ಭರವಸೆಯನ್ನು ಕನ್ನಡಕದ ಅಂಗಡಿಗಳಲ್ಲೇ ಕೊಟ್ಟುಬಿಡುತ್ತಾರೆ. ಎನ್‌ಡಿಎ ಮೂಲಕ ಬರುವವರಿಗೆ ಅದು ಒಪ್ಪಿತವಲ್ಲ. ಪದವಿಯ ನಂತರ ಬರುವವರಿಗೂ ಚಿಕಿತ್ಸೆ ಮಾಡಿಸಿದ ವಯಸ್ಸು, ಕಣ್ಣುಗುಡ್ಡೆಯ ಅಳತೆ ಎಂದು ಬಿಗಿ ಷರತ್ತುಗಳಿವೆ. ಹಾಗಾಗಿ ಈ ವಿಷಯದಲ್ಲಿ ನಮ್ಮ ವಸತಿ ಕಾಲೇಜುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟಿನ ಕೆಳಗೆ ಕೂರಿಸುವ ಪದ್ಧತಿಯಲ್ಲಿ ಮಕ್ಕಳು ಬಿಸಿಲನ್ನೇ ಕಾಣುವುದಿಲ್ಲ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಹಲವು ದೇಶಗಳ ಸಂಶೋಧನೆಯಲ್ಲಿ ಕಂಡ ಸಂಗತಿ. ಆಟದ ಪೀರಿಯಡ್ ಕಿತ್ತುಕೊಂಡು ಭೌತಶಾಸ್ತ್ರ ಕಲಿಸಿದರೆ ಭೌತಶಾಸ್ತ್ರದ ಅಂಕ ಬರುತ್ತದೆ, ಅದನ್ನು ಬಳಸಿ ವಿಮಾನ ಹಾರಿಸುವ ಕಣ್ಣು ಹೋಗುತ್ತದೆ.

ಆಯ್ಕೆಯಾದ ಮೇಲಿನ ದಾರಿಯನ್ನು ಬೇಗ ಹೇಳಿ ಮುಗಿಸಬಹುದು. ಎನ್‌ಡಿಎಗೆ ಹೋದವರು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಪದವಿ ಓದು ಮತ್ತು ಸೈನಿಕ ತರಬೇತಿ ಮುಗಿಸಿ ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಬರುತ್ತಾರೆ. ಎಎಫ್‌ಕ್ಯಾಟ್‌ನವರಿಗೆ ನೇರ ಅಲ್ಲಿಯೇ ತರಬೇತಿ. ಸ್ವಿಟ್ಜರ್ಲೆಂಡ್‌ನ ಪಿಲಾಟಸ್ ವಿಮಾನದಲ್ಲಿ ಮೊದಲ ಹಾರಾಟ. ಅದರ ಜೊತೆಗೆ ಸೇರಬೇಕಾದ, ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ತರಬೇತಿ ವಿಮಾನಗಳು 70, ಒಪ್ಪಂದ 2023ರದು. ಅಲ್ಲಿಂದ ಯುದ್ಧವಿಮಾನ, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂದು ದಾರಿ ಕವಲಾಗುತ್ತದೆ. ಯುದ್ಧವಿಮಾನದವರು ಹಾಕ್ ವಿಮಾನದಲ್ಲಿ ಪಳಗುವುದು ನಮ್ಮ ಬೀದರ್‌ನಲ್ಲಿ, ಸಾರಿಗೆಯವರು ಯಲಹಂಕದಲ್ಲಿ, ಹೆಲಿಕಾಪ್ಟರಿನವರು ಹಕೀಂಪೇಟೆಯಲ್ಲಿ. ಭೂಸೇನೆಯ ಹೆಲಿಕಾಪ್ಟರ್‌ಗಳನ್ನು ಹಾರಿಸುವವರು ಭೂಸೇನೆಯ ಅಧಿಕಾರಿಗಳು, ಅವರ ತರಬೇತಿ ನಾಸಿಕ್‌ನಲ್ಲಿ. ನೌಕಾಪಡೆಯದು ಕೇರಳದ ಏಳಿಮಲದಿಂದ ಶುರುವಾಗುವ ಬೇರೆ ದಾರಿ. ಅಕಾಡೆಮಿ ಸೇರಿದ ಎಲ್ಲರೂ ಪೈಲಟ್ ಆಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ನಿಗದಿತ ಗಂಟೆಗಳೊಳಗೆ ಹಾರಾಟ ಕೈಗೆ ಹತ್ತದಿದ್ದರೆ ಹಾರಾಟದಿಂದ ತೆಗೆದು ಬೇರೆ ಶಾಖೆಗೆ ಕಳುಹಿಸುತ್ತಾರೆ.

ಹಣದ ಲೆಕ್ಕ ಹೀಗಿದೆ. ನಾಗರಿಕ ವಿಮಾನದ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಅರ್ಧ ಕೋಟಿ ರೂಪಾಯಿ ದಾಟುತ್ತದೆ; ತೋಟ ಮಾರಿ ಮಗನನ್ನು ಅಲ್ಲಿಗೆ ಕಳಿಸಿದವರೂ ಇದ್ದಾರೆ. ಸೇನೆಯಲ್ಲಿ ಓದು, ಊಟ, ವಸತಿ, ಹಾರಾಟ ಎಲ್ಲವೂ ಸರ್ಕಾರದ ಖರ್ಚಿನಲ್ಲಿ. ವಾಯುಪಡೆ ಅಕಾಡೆಮಿಯ ಕೊನೆಯ ವರ್ಷದಲ್ಲಿ ತಿಂಗಳಿಗೆ ₹56,100 ಭತ್ಯೆ. ಎನ್‌ಡಿಎ ಅರ್ಜಿಯ ಶುಲ್ಕ ನೂರು ರೂಪಾಯಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅದೂ ಇಲ್ಲ.

ತಂದೆತಾಯಿಯ ಭಯವನ್ನು ಮಾತ್ರ ಹಗುರವಾಗಿ ಕಾಣಬಾರದು. 2019ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಮಿರಾಜ್ ಬಿದ್ದು ಇಬ್ಬರು, ಯಲಹಂಕದಲ್ಲಿ ಸೂರ್ಯಕಿರಣ್ ವಿಮಾನಗಳು ಡಿಕ್ಕಿಯಾಗಿ ಒಬ್ಬರು ಪೈಲಟ್ ತೀರಿಕೊಂಡರು. 2023ರ ಜೂನ್ 1ರಂದು ಚಾಮರಾಜನಗರ ಜಿಲ್ಲೆಯಲ್ಲಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಈ ವೃತ್ತಿಯಲ್ಲಿ ಅಪಾಯ ಇದೆ. ಅದನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸಬಾರದು. ಮಗ ಅಥವಾ ಮಗಳು ಅದನ್ನು ತಿಳಿದೇ ಆರಿಸಿಕೊಂಡಿದ್ದರೆ, ಗೌರವದಿಂದ ಜೊತೆ ನಿಲ್ಲುವುದಷ್ಟೇ ಮನೆಯವರು ಮಾಡಬಹುದಾದದ್ದು.

ಮಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2016ರಲ್ಲಿ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು ವಾಯುಪಡೆ ಸೇರಿದರು. ಎರಡೇ ವರ್ಷಗಳಲ್ಲಿ, 2018ರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ ಎಂಜಿನಿಯರಿಂಗ್ ಮುಗಿಸಿ ಆ ಸಾಲಿಗೆ ಸೇರಿದರು. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ಹೆಣ್ಣುಮಕ್ಕಳಿಗೂ ತೆರೆಯಿತು. ಮೊದಲ ತಂಡದ 17 ಮಂದಿ 2025ರ ಮೇನಲ್ಲಿ ತರಬೇತಿ ಮುಗಿಸಿ ಹೊರಬಂದರು. ನಮ್ಮ ಜಿಲ್ಲೆಯ ಪಿಯು ವಿಜ್ಞಾನ ತರಗತಿಗಳಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಗಣಿತದಲ್ಲಿ ಪೂರ್ಣ ಅಂಕ ತೆಗೆಯುವವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಮಂದಿ. ಅವರಿಗೆ ಈ ಬಾಗಿಲು ತೆರೆದು ಕೆಲವೇ ವರ್ಷವಾಗಿದೆ ಎಂದು ಹೇಳಿದ ಉಪನ್ಯಾಸಕರು ಎಷ್ಟು ಮಂದಿ?

ರಾಜ್ಯದ ಹಳೆಯ ಎರಡು ಸೈನಿಕ ಶಾಲೆಗಳು ವಿಜಯಪುರ ಮತ್ತು ಕೊಡಗಿನಲ್ಲಿವೆ. ತುಮಕೂರಿಗೊಂದು ಬರಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಡುತ್ತ ಬಂದಿರುವ ಸಿದ್ಧಗಂಗೆಯಿರುವ, ಹೆಜ್ಜೆಗೊಂದು ಕಾಲೇಜಿರುವ ಊರು ಇದು. ಎಂಟನೇ ತರಗತಿಯಲ್ಲಿ ಪ್ರತಿ ಮಗುವಿನ ಕಣ್ಣನ್ನು ಪರೀಕ್ಷಿಸಿ, ಬಣ್ಣಗುರುಡು ಇದ್ದರೆ ಆಗಲೇ ತಿಳಿಸಲು ತಾಲ್ಲೂಕು ಆಸ್ಪತ್ರೆಯ ನೇತ್ರ ಸಹಾಯಕರೇ ಸಾಕು. ಒಂಬತ್ತನೇ ತರಗತಿಯಲ್ಲಿ ಹುಟ್ಟಿದ ದಿನಾಂಕದ ದಾಖಲೆ ನೋಡಲು ಮುಖ್ಯ ಶಿಕ್ಷಕರು ಸಾಕು. ಪ್ರಥಮ ಪಿಯುನಲ್ಲಿ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್‌ನಲ್ಲಿ ಬರೆಸಲು, ಮಾತನಾಡಿಸಲು ಒಬ್ಬ ಮನಸ್ಸಿರುವ ಉಪನ್ಯಾಸಕ ಬೇಕು. ಎನ್‌ಡಿಎಯ ಮೊದಲ ಪರೀಕ್ಷೆಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ದ್ವಿತೀಯ ಪಿಯು ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಯಲ್ಲಿ ಮುಳುಗಿರುವಾಗ. ಯುಪಿಎಸ್‌ಸಿ ತನ್ನ ವರ್ಷದ ಪರೀಕ್ಷಾ ವೇಳಾಪಟ್ಟಿಯನ್ನು ತಿಂಗಳುಗಳ ಮೊದಲೇ ಜಾಲತಾಣದಲ್ಲಿ ಹಾಕುತ್ತದೆ. ಒಂದು ಹಾಳೆಯಲ್ಲಿ ಅದನ್ನು ಮುದ್ರಿಸಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ. ಈ ಶೈಕ್ಷಣಿಕ ವರ್ಷದಲ್ಲೇ ಮಾಡಬಹುದು.